ಎರೆ, ಹೊಳೆ, ಗುಡ್ಡ: ಎಳ್ಳಮಾವಾಸ್ಯೆಯ ಐದು ದಿನ

ನಮ್ಮೂರ ಪಂಚಾಯ್ತಿಯ ಕಬ್ಬಿಣದ ಕಪಾಟಿನಲ್ಲಿ ಹಸಿರು ರಟ್ಟಿನ ಒಂದು ಪುಸ್ತಕವಿದೆ. ಅದರ ಹೆಸರು ಜನತಾ ಜೀವವೈವಿಧ್ಯ ದಾಖಲಾತಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯ್ತಿಯೂ ಒಂದು ಸಮಿತಿ ಮಾಡಿಕೊಂಡು, ತನ್ನ ಸೀಮೆಯ ಗಿಡ, ಪ್ರಾಣಿ, ಹಕ್ಕಿ, ಬೀಜ, ನಾಟಿ ಔಷಧ ಇವನ್ನೆಲ್ಲ ಊರವರ ಬಾಯಿಂದಲೇ ಕೇಳಿ ಬರೆಯಬೇಕು. ಬಹಳ ವರ್ಷ ಹೆಚ್ಚಿನ ಕಡೆ ಬರೆಯಲೇ ಇಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದ ಮೇಲೆ ಓಡಾಟ ಶುರುವಾಯಿತು. ನಮ್ಮೂರಿನದನ್ನು ಹೊರಗಿನಿಂದ ಬಂದ ಒಂದು ತಂಡ ಒಂಬತ್ತು ದಿನದಲ್ಲಿ ಮುಗಿಸಿತು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಆ ಸಮಿತಿಯ ಸದಸ್ಯೆ. ಕೊನೆಯ ಪುಟದಲ್ಲಿ ನನ್ನ ಸಹಿ ಇದೆ. ಆಗ ಓದಿರಲಿಲ್ಲ. ಹೋದ ವರ್ಷ ಮಕ್ಕಳಿಗೆ ತೋರಿಸೋಣವೆಂದು ತೆಗೆದರೆ, ಕುಷ್ಟಗಿ ತಾಲ್ಲೂಕಿನ ಒಣಭೂಮಿಯಲ್ಲಿ ಹಲಸು, ಅಡಿಕೆ, ಕಾಡುಕೋಣ ಇವೆ ಎಂದು ಬರೆದಿತ್ತು. ಯಾವುದೋ ಮಲೆನಾಡಿನ ಊರಿನ ಪಟ್ಟಿಯನ್ನು ಎತ್ತಿ ಇಟ್ಟಿದ್ದರು. ತೋಳದ ಹೆಸರಿರಲಿಲ್ಲ, ಚಿಗರಿಯ ಹೆಸರಿರಲಿಲ್ಲ. 'ತಿಳಿದವರ ಹೆಸರು' ಎಂಬ ಅಂಕಣ ಪುಟಪುಟಕ್ಕೂ ಖಾಲಿ. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಅದನ್ನು ಮತ್ತೆ ಬರೆಯಬೇಕು ಎಂದು ಪಂಚಾಯ್ತಿಗೆ ಅರ್ಜಿ ಕೊಟ್ಟೆ. ಬರೆಯುವ ಮುಂಚೆ ಕೇಳುವುದು ಹೇಗೆಂದು ಕಲಿಯಬೇಕಿತ್ತು. ಎಳ್ಳಮಾವಾಸ್ಯೆಯ ಹೊತ್ತಿಗೆ ಐದು ದಿನ ರಜೆ ಹಾಕಿ, ತಮ್ಮನ ಬೈಕಿನ ಹಿಂದೆ ಕೂತು ಹೊರಟೆ.

ಮೊದಲ ದಿನ: ತಾವರಗೇರಾ ಕಡೆ

ಬೆಳಗಿನ ಚಳಿಗೆ ಬಿಳಿಜೋಳದ ಗರಿಗಳೆಲ್ಲ ತೊಯ್ದಿದ್ದವು. ಕೆಂಪು ಮಸಾರಿ ಹೋಗಿ ಕರಿ ಎರೆ, ಮತ್ತೆ ಮಸಾರಿ. ದಿಬ್ಬಗಳ ಮೇಲೆ ಕರೆಂಟಿನ ಫ್ಯಾನುಗಳು ತಿರುಗುತ್ತಿದ್ದವು. ತೊಗರಿ ಕೊಯ್ದ ಒಂದು ಹೊಲದಲ್ಲಿ ಬಲೆ ಕಟ್ಟಿದ ಹಟ್ಟಿ ಕಂಡಿತು. ಮೂರು ಮನೆತನದ ಕುರಿ, ನಾನೂರರ ಮೇಲೆ. ಹೊಲದವರು ಮೂರು ರಾತ್ರಿ ಕುರಿ ನಿಲ್ಲಿಸಲು ಕರೆದಿದ್ದರು. ಕುರಿ ನಿಂತ ಹೊಲಕ್ಕೆ ಆ ವರ್ಷ ಬೇರೆ ಗೊಬ್ಬರ ಬೇಡ ಎನ್ನುತ್ತಾರೆ ನಮ್ಮ ಕಡೆ.

ಹಿರಿಯ ಅಜ್ಜ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಹೆಚ್ಚಿನವು ಕೆಂಗುರಿ. ಕಂಬಳಿಗೆ ಬೇಕೆಂದು ಹತ್ತಿಪ್ಪತ್ತು ಕರಿ ಡೆಕ್ಕನಿ. ನಾನು ನೋಟುಪುಸ್ತಕ ತೆರೆದದ್ದೇ ಅಜ್ಜ ಕೇಳಿದರು:

"ಇದನ್ನ ಬರದು ಯಾರಿಗೆ ಓದಿ ಹೇಳ್ತೀಯವಾ?"

"ಪಂಚಾಯ್ತಿಗೆ ಕೊಡ್ತೀನಿ ಅಜ್ಜಾ."

"ಹಂಗಲ್ಲ. ಹೋದ ಸಲ ಯಾರೋ ಬಂದು ಬರಕೊಂಡು ಹ್ವಾದ್ರು. ನಾ ಏನ್ ಹೇಳಿದೆ, ಅವ್ರೇನ್ ಬರದ್ರು, ಇವತ್ತಿಗೂ ತಿಳೀಲಿಲ್ಲ. ನನಗ ಓದಿ ಹೇಳ್ತೀಯೇನು?"

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಆಮೇಲೆ ಅಜ್ಜ ಮಾತಾಡಿದರು, ಮಧ್ಯಾಹ್ನದವರೆಗೆ.

ಯಾವ ಮಳೆಗೆ ಯಾವ ಹುಲ್ಲು ಏಳುತ್ತದೆ ಎಂಬುದು ಅವರಿಗೆ ನಕ್ಷತ್ರದ ಲೆಕ್ಕದಲ್ಲಿ ಗೊತ್ತು. ರೋಹಿಣಿ, ಮೃಗಶಿರ ಸುರಿದರೆ ಕುಷ್ಟಗಿಯ ಮಸಾರಿ ಗುಡ್ಡಗಳಲ್ಲೇ ನಾಕು ತಿಂಗಳು ತಿರುಗಬಹುದು. ಹುಬ್ಬಿ, ಉತ್ತರಿ ಕೈಕೊಟ್ಟರೆ ಬೇಗ ಇಳಿಯಬೇಕು. ಭತ್ತ ಕೊಯ್ದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರಿನ ಕಾಲುವೆ ಸೀಮೆ. ಹಂಚಿ ಹುಲ್ಲು ತೆನೆ ಬಿಡುವ ಮುಂಚೆ ಮೇಯಬೇಕು, ಬಿಟ್ಟಮೇಲೆ ಅದರ ಮುಳ್ಳು ಕುರಿಯ ಬಾಯಿಗೂ ಉಣ್ಣೆಗೂ ಸೇರುತ್ತದೆ. ಒಂದು ಕಡೆ ಮೇಯಿಸಿದ ಗುಡ್ಡಕ್ಕೆ ಮತ್ತೊಂದು ಮಳೆ ಬೀಳುವ ತನಕ ತಿರುಗಿ ಹೋಗಬಾರದು. ನಾನು ತರಗತಿಯಲ್ಲಿ ಆವರ್ತನ ಮೇಯಿಸುವಿಕೆ ಎಂದು ಹಲಗೆಯ ಮೇಲೆ ಬರೆಸುವುದು ಇದನ್ನೇ.

ಬಳ್ಳಾರಿ ಜಾಲಿಯ ಮಾತಂತೂ ನನ್ನನ್ನು ಹಿಡಿದು ನಿಲ್ಲಿಸಿತು. ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಈ ಗಿಡ ಭಾರತಕ್ಕೆ ಕಾಲಿಟ್ಟದ್ದು 19ನೇ ಶತಮಾನದಲ್ಲಿ. ಇಲ್ಲಿಗೆ ಬಂದು ನಮ್ಮ ನೆರೆಯ ಜಿಲ್ಲೆಯ ಹೆಸರನ್ನೇ ಹೊತ್ತಿತು. ಕೆರೆಯಂಗಳ, ಹಳ್ಳದ ದಂಡೆ, ಗೋಮಾಳ ಎಲ್ಲವನ್ನೂ ನುಂಗಿದೆ. ಅದರ ಸಿಹಿ ಕಾಯಿ ಕುರಿಗೆ ಬಲು ಇಷ್ಟ, ಬೀಜ ಕರಗದೆ ಹಿಕ್ಕೆಯಲ್ಲಿ ಹೊರಬರುತ್ತದೆ.

"ಜಾಲಿ ಕಾಯಿ ತಿಂದ ಕುರೀನ ಮರುದಿನನ ಎರಿ ಹೊಲದಾಗ ನಿಲ್ಲಸಬಾರದವಾ. ಮೂರು ನಾಕು ದಿನ ಮಸಾರಿಯಾಗ ತಿರಗಾಡಿಸಿ ಹೊಟ್ಟಿ ಬರಿದು ಮಾಡಬೇಕು. ಇಲ್ಲಾಂದ್ರ ಹೊಲದವ್ರು ಮುಂದಿನ ವರ್ಷ ನಮಗ ಬೈತಾರ."

ಕಳೆ ಹರಡದಂತೆ ದನಕರುಗಳನ್ನು ಕೆಲವು ದಿನ ಬೇರೆಯಾಗಿ ಇಡಬೇಕೆಂದು ಕಳೆ ನಿಯಂತ್ರಣದ ಪಾಠ ಹೇಳುತ್ತದೆ. ಇಲ್ಲಿ ಅದು ಒಬ್ಬ ಕುರಿಗಾರನ ಮರ್ಯಾದೆಯ ಪ್ರಶ್ನೆ. ಈ ಮಾತನ್ನು ಅವರ ಬಾಯಿಮಾತಿನಲ್ಲೇ ಬರೆದುಕೊಂಡೆ.

ಮಧ್ಯಾಹ್ನದ ಮೇಲೆ ಅಜ್ಜಿ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಬಾಯಿಗೆ ಏನೋ ಹಿಂಡುತ್ತಿದ್ದರು. ಏನು ಸೊಪ್ಪು ಎಂದು ಕೇಳಿದೆ. ನನ್ನನ್ನು ಒಮ್ಮೆ ನೋಡಿ ಸುಮ್ಮನಾದರು. ಒತ್ತಾಯ ಮಾಡಲಿಲ್ಲ. ರಾತ್ರಿ ಅಲ್ಲೇ ಉಳಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕಂಬಳಿ.

ಎರಡನೆಯ ದಿನ: ಹೆಜ್ಜೆ

ನಸುಕಿನ ಮೂರರ ಸುಮಾರಿಗೆ ನಾಯಿಗಳು ಒಮ್ಮೆಲೇ ಎದ್ದವು. ಕುರಿಗಳೆಲ್ಲ ಬಲೆಯ ನಡುವಿಗೆ ಒತ್ತಿಕೊಂಡವು. ಯಾರೂ ಕೂಗಾಡಲಿಲ್ಲ. ಅಜ್ಜ ಎದ್ದು ಗಾಳಿ ಬರುವ ಕಡೆಗೆ ಬೆನ್ನು ತಿರುಗಿಸಿ, ಎದುರು ದಿಕ್ಕಿಗೆ ಬ್ಯಾಟರಿ ಬಿಟ್ಟರು. ತೋಳ ಗಾಳಿಗೆ ಎದುರಾಗಿ ಬರುತ್ತದೆ, ನಾಯಿಗೆ ವಾಸನೆ ಸಿಗಬಾರದೆಂದು. ಒಂದು ತೋಳ ನಾಯಿಗಳನ್ನು ಅತ್ತ ಎಳೆದೊಯ್ದರೆ ಇನ್ನೊಂದು ಇತ್ತಲಿಂದ ನುಗ್ಗುತ್ತದೆ. ಹಾಗಾಗಿ ಒಂದು ನಾಯಿಯನ್ನು ಕಟ್ಟಿಯೇ ಇಟ್ಟಿರುತ್ತಾರೆ. ಅವತ್ತು ಏನೂ ಹೋಗಲಿಲ್ಲ.

ಬೆಳಕು ಹರಿದ ಮೇಲೆ ಬಂಡಿಜಾಡಿನ ಧೂಳಿನಲ್ಲಿ ಹೆಜ್ಜೆ ಹುಡುಕಿದೆವು. ಸಿಕ್ಕವು. ನನಗೆ ಅದು ನಾಯಿಯ ಹೆಜ್ಜೆಯಂತೆಯೇ ಕಂಡಿತು. ಅಜ್ಜ ಕುಕ್ಕರಗಾಲಲ್ಲಿ ಕೂತು, ಅಂಗೈಯಿಂದ ಪಕ್ಕದ ಧೂಳನ್ನು ಮಟ್ಟ ಮಾಡಿದರು. ನಾಲ್ಕು ಬೆರಳು ಕೂಡಿಸಿ ಒತ್ತಿದರು, ಹೆಬ್ಬೆರಳಿನ ಬುಡದಿಂದ ಹಿಂದಿನ ಗದ್ದುಗೆ ಮೂಡಿಸಿದರು, ಉಗುರಿನ ತುದಿಯಿಂದ ಮುಂದೆ ಎರಡು ಚುಕ್ಕೆ ಇಟ್ಟರು. ಹಾಗೆ ಒಂದರ ಮುಂದೊಂದು, ಗೆರೆ ಎಳೆದ ಹಾಗೆ ಐದು ಹೆಜ್ಜೆ. ಬದಿಗೆ ಇನ್ನೊಂದು ಸಾಲು, ಹಾವಿನಂತೆ ಅಂಕುಡೊಂಕು.

"ಇದು ನಾಯಿ. ಮನಿಯಾಗ ಉಂಡು ಬಂದಿರ್ತೈತಿ, ಅಲ್ಲಿ ಮೂಸಿ ಇಲ್ಲಿ ಮೂಸಿ ಹೋಗ್ತೈತಿ. ಇದು ತೋಳ. ಇದಕ್ಕ ಪುರುಸೊತ್ತಿಲ್ಲ. ಹಿಂದಿನ ಕಾಲು ಮುಂದಿನ ಕಾಲಿನ ಗುರುತಿನ ಮ್ಯಾಲೇ ಬೀಳ್ತೈತಿ ನೋಡು."

ಕಾಡುಪ್ರಾಣಿಗಳ ಗಣತಿಗೆ ಹೋಗುವವರಿಗೆ ಕೈಪಿಡಿಯಲ್ಲಿ ಕೊಡುವ ಗುರುತೂ ಇದೇ. ನಾನು ಅದನ್ನು ಓದಿದ್ದೆ. ಆದರೆ ಧೂಳಿನಲ್ಲಿ ಕಂಡಿರಲಿಲ್ಲ.

ಅಜ್ಜ ತೋಳವನ್ನು ದೇವರು ಮಾಡಿ ಮಾತಾಡಲಿಲ್ಲ, ಅದು ನನಗೆ ಹಿಡಿಸಿತು. ಅವರ ಅಪ್ಪನ ಕಾಲದಲ್ಲಿ ತೋಳದ ಬಿಲಕ್ಕೆ ಹೊಗೆ ಹಾಕಿ ಮರಿ ತೆಗೆದದ್ದುಂಟು. ತಾನು ಬಿಟ್ಟೆ ಎಂದರು. ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ, "ತೋಳ ಕಡಿಮಿ ಆದ ಕಡೆ ಬೀದಿ ನಾಯಿ ಗುಂಪು ಬಂದ್ವು. ತೋಳ ಒಂದು ಒಯ್ದು ಹೋಗ್ತೈತಿ, ಅದಕ್ಕ ಹೊಟ್ಟಿ ಐತಿ. ನಾಯಿಗುಂಪು ಹತ್ತು ಕಡದು ಹತ್ತೂ ಬಿಟ್ಟು ಹೋಗ್ತಾವ" ಎಂದರು. ತೋಳಗಳ ಅಧ್ಯಯನ ಮಾಡುವವರೂ ಇವತ್ತು ಬೀದಿ ನಾಯಿಗಳನ್ನೇ ದೊಡ್ಡ ಅಪಾಯವೆಂದು ಎಣಿಸುತ್ತಾರೆ. ನಾಯಿಗಳಿಂದ ಡಿಸ್ಟೆಂಪರ್, ರೇಬೀಸ್ ತಗಲುತ್ತವೆ, ಮಿಶ್ರತಳಿಯೂ ಆಗುತ್ತಿದೆ. ಹಟ್ಟಿಯ ನಾಯಿಗಳಿಗೆ ಲಸಿಕೆ ಹಾಕಿಸುವುದು ತೋಳವನ್ನು ಉಳಿಸುವ ಕೆಲಸವೂ ಹೌದು ಎಂದೆ. "ಹಂಗಾದ್ರ ಡಾಕ್ಟರು ಹಟ್ಟಿಗೆ ಬರಬೇಕು, ನಾವು ಎಲ್ಲಿ ಇರ್ತೀವಿ ಅಂತ ಅವ್ರಿಗೆ ಗೊತ್ತಿರಬೇಕಲ್ಲ" ಎಂದರು. ಅದೂ ಬರೆದುಕೊಂಡೆ.

ಮಧ್ಯಾಹ್ನ ಗಂಗಾವತಿ ತಾಲ್ಲೂಕಿನ ಬಂಕಾಪುರ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರ ಇಲ್ಲಿನ 332 ಎಕರೆಯನ್ನು ತೋಳಗಳ ವನ್ಯಧಾಮವೆಂದು ಘೋಷಿಸಿತು. ತೋಳಕ್ಕೆಂದೇ ಮೀಸಲಾದ ಧಾಮ ರಾಜ್ಯದಲ್ಲಿ ಇದೇ ಮೊದಲು. ದೇಶದಲ್ಲಿ ಇದಕ್ಕೂ ಮುಂಚೆ ಇದ್ದದ್ದು ಜಾರ್ಖಂಡಿನ ಮಹುವಾಡಾಂಡ್, 1976ರದು. ಕಲ್ಲು ದಿಬ್ಬ, ಕುರುಚಲು, ಒಣ ಕರಡ, ತಂಗಡಿ ಗಿಡ. ಇಂಥ ಜಾಗವನ್ನು ಸರ್ಕಾರಿ ಕಾಗದಗಳು ಬಹುಕಾಲ ಬಂಜರು ಎಂದೇ ಕರೆದಿವೆ. ಬಂಜರೆಂದು ಕರೆದ ಮೇಲೆ ಗುಂಡಿ ತೋಡಿ ನೀಲಗಿರಿ ನೆಡುವುದು ತಪ್ಪಲ್ಲವೆಂದು ಕಾಣುತ್ತದೆ. ಹುಲ್ಲು ಹೋದರೆ ಚಿಗರಿ ಹೋಗುತ್ತದೆ, ಮೊಲ ಹೋಗುತ್ತದೆ, ಆಮೇಲೆ ತೋಳಕ್ಕೆ ಉಳಿಯುವುದು ಕುರಿ ಮಾತ್ರ.

ಗೇಟಿನ ಹತ್ತಿರವೇ ನಿಂತು ಕಾವಲಿನವರ ಜೊತೆ ಮಾತಾಡಿದೆವು. ಒಳಗೆ ಬಿಡಲಿಲ್ಲ. ಇದು ಮರಿ ಹಾಕುವ ಕಾಲ, ಬಿಲದ ಕಡೆ ಜನ ಸುಳಿದರೆ ತಾಯಿ ಮರಿ ಬಾಯಲ್ಲಿ ಹಿಡಿದು ಜಾಗ ಬದಲಿಸುತ್ತದೆ. ನನಗೆ ಬೆಳಗಿನ ಮಾತು ನೆನಪಾಯಿತು. ಹತ್ತಿರದಲ್ಲಿ ಬಿಲ ಇದೆಯೇ ಎಂದಾಗ ಅಜ್ಜ ಕೈಯಿಂದ ಒಂದು ದಿಕ್ಕು ತೋರಿ, "ದೀವಳಗಿ ಆದಮ್ಯಾಗ ಸಂಕ್ರಾಂತಿ ತನಕ ಆ ಕಡೆ ಕುರಿ ಹೊಡ್ಯಾಂಗಿಲ್ಲ" ಎಂದಿದ್ದರು. ನವೆಂಬರಿನಿಂದ ಜನವರಿ. ಕಾವಲಿನವರ ಲೆಕ್ಕವೂ ಅದೇ ಮೂರು ತಿಂಗಳು. ಇಬ್ಬರೂ ಒಬ್ಬರನ್ನೊಬ್ಬರು ಕಂಡಿಲ್ಲ.

ಸಂಜೆ ಗಂಗಾವತಿಯ ಲಾಡ್ಜಿನಲ್ಲಿ ಕೂತು ಲೆಕ್ಕ ಹಾಕಿದೆ. 332 ಎಕರೆಯೆಂದರೆ ಒಂದೂಕಾಲು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಒಂದು ತೋಳದ ಗುಂಪು ತಿರುಗುವ ಸೀಮೆ ನೂರು ಚದರ ಕಿಲೋಮೀಟರನ್ನೂ ಮೀರುತ್ತದೆ. ಮರಿ ಹಾಕಲು ಆ ಧಾಮ ಬೇಕೇ ಬೇಕು. ಆದರೆ ತೋಳದ ಬದುಕಿನ ಬಹುಪಾಲು ಬೇಲಿಯಾಚೆ, ಅಜ್ಜನಂಥವರ ಹಟ್ಟಿಗಳ ನಡುವೆ ನಡೆಯುತ್ತದೆ. ಹಾಗಿದ್ದ ಮೇಲೆ ತೋಳವನ್ನು ಕಾಯುವ ಯಾವ ಯೋಜನೆಯೂ ಕುರಿಗಾರರನ್ನು ಕೂರಿಸಿಕೊಂಡೇ ಬರೆಯಬೇಕು. ಕುರಿ ಸತ್ತರೆ ಪರಿಹಾರ ಉಂಟು. ಅದಕ್ಕೆ ಸತ್ತ ಕುರಿಯನ್ನು ಅಲ್ಲೇ ಇಟ್ಟು ಮಹಜರು ಆಗಬೇಕು, ಪಶುವೈದ್ಯರ ಪತ್ರ ಬೇಕು. ದಿನಕ್ಕೊಂದು ಹೊಲ ಬದಲಿಸುವವರು ಯಾವ ಕಚೇರಿಯ ಮುಂದೆ ಎಷ್ಟು ದಿನ ಕಾಯುತ್ತಾರೆ? ಅಜ್ಜನ ಮನೆತನಕ್ಕೆ ಇಲ್ಲಿಯವರೆಗೆ ಒಂದು ರೂಪಾಯಿಯೂ ಬಂದಿಲ್ಲ.

ಮೂರನೆಯ ದಿನ: ಹೊಳೆ

ಹಿರೇಬೆಣಕಲ್ಲಿನ ಗುಡ್ಡ ಹತ್ತುವ ಆಸೆಯಿತ್ತು. ಅಲ್ಲಿ ನೂರಾರು ಕಲ್ಮನೆಗಳಿವೆ, ಜನ ಮೋರೇರ ಗುಡ್ಡ ಎನ್ನುತ್ತಾರೆ. ಹೊತ್ತು ಸಾಲದೆ ಬಿಟ್ಟು ಆನೆಗೊಂದಿಗೆ ಬಂದೆವು.

ತುಂಗಭದ್ರಾ ಅಣೆಕಟ್ಟಿನಿಂದ ಕಂಪ್ಲಿಯವರೆಗೆ ಹೊಳೆಯ 34 ಕಿಲೋಮೀಟರ್ ಉದ್ದವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗೆಂದೇ ಆದದ್ದು ದೇಶದಲ್ಲಿ ಇದು ಮೊದಲು. ಈ ಬಗೆಯ ಸಂರಕ್ಷಿತ ಪ್ರದೇಶಕ್ಕೆ ಕಾಯ್ದೆಯಲ್ಲೇ ಒಂದು ಒಳ್ಳೆಯ ಮಾತಿದೆ: ಘೋಷಿಸುವ ಮುಂಚೆ ಸ್ಥಳೀಯರ ಜೊತೆ ಮಾತಾಡಬೇಕು, ನಿರ್ವಹಣಾ ಸಮಿತಿಯಲ್ಲಿ ದಂಡೆಯ ಪಂಚಾಯ್ತಿಗಳ ಪ್ರತಿನಿಧಿಗಳು ಇರಬೇಕು.

ಹರಗೋಲಿನ ಅಂಬಿಗ ಕಾಕಾ ಬಂಡೆಗಳ ನಡುವೆ ನಮ್ಮನ್ನು ಕರೆದೊಯ್ದರು. ಹಂಪಿ ನೋಡಲು ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 16ನೇ ಶತಮಾನದಲ್ಲಿ ಇಲ್ಲಿ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ಅವು ಆಗ ಬಿದಿರಿಗೆ ತೊಗಲು ಹೊದಿಸಿದವು. ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಹುಟ್ಟು ಹಾಕುವ ಕೈ ಮಾತ್ರ ಅದೇ.

ಆಪು ಬೆಳೆದ ಒಂದು ನಡುಗಡ್ಡೆಯ ಹತ್ತಿರ ಕಾಕಾ ಹರಗೋಲು ನಿಲ್ಲಿಸಿದರು. ಚಪ್ಪಟೆ ಬಂಡೆಯ ಮೇಲೆ ಬಿಳಿ ಬೂದು ಬಣ್ಣದ ಒಣ ಲದ್ದಿ, ಹತ್ತಿರ ಹೋದರೆ ಕೊಳೆತ ಮೀನಿನ ಗಬ್ಬು. ನೀರುನಾಯಿಗಳು ಒಂದೇ ಜಾಗಕ್ಕೆ ಬಂದು ಹೇಲುತ್ತವೆ, ಅದು ಅವುಗಳ ಗಡಿಕಲ್ಲು. ಕಾಕಾ ಒಂದು ತುಣುಕನ್ನು ಬೆರಳಿನಲ್ಲಿ ಪುಡಿ ಮಾಡಿ ಅಂಗೈಯಲ್ಲಿ ಹರಡಿದರು. ಬರೀ ಮೀನಿನ ಹುರುಪೆ ಮತ್ತು ಮುಳ್ಳು.

"ಇದು ಜಿಲೇಬಿ. ಇದೂ ಜಿಲೇಬಿ. ನಾ ಸಣ್ಣಾವಿದ್ದಾಗ ಇದರಾಗ ಬ್ಯಾರೆ ಬ್ಯಾರೆ ಹುರುಪಿ ಇರ್ತಿದ್ವು ಅಕ್ಕಾರ. ಈಗ ನಮ್ಮ ಬಲಿಗೂ ಇದ, ಅವಕ್ಕೂ ಇದ."

ಜಿಲೇಬಿ ಎಂದರೆ ಟಿಲಾಪಿಯಾ, ಆಫ್ರಿಕಾದಿಂದ ತಂದು ಬಿಟ್ಟ ಮೀನು. ಹೊರಗಿನ ಮೀನು ಹೊಳೆಯನ್ನು ಎಷ್ಟು ಆವರಿಸಿದೆ ಎಂದು ತಿಳಿಯಲು ವಿಜ್ಞಾನಿಗಳು ನೀರುನಾಯಿಯ ಲದ್ದಿಯನ್ನೇ ಶೋಧಿಸುತ್ತಾರೆ. ಹುರುಪೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಹೋಲಿಸುತ್ತಾರೆ. ಕಾಕಾನ ಅಂಗೈಯಲ್ಲಿ ಆ ಕೆಲಸ ಅರ್ಧ ನಿಮಿಷದಲ್ಲಿ ಮುಗಿದಿತ್ತು. ಅವರು ತಿಂಗಳಿಗೊಮ್ಮೆ ಹತ್ತು ಬಂಡೆ ನೋಡಿ ಹೇಳಿದ್ದನ್ನು ಒಬ್ಬರು ಬರೆದಿಡುತ್ತ, ಆ ಹುರುಪೆಗಳನ್ನು ಪ್ರಯೋಗಾಲಯದಲ್ಲಿ ಪರಖಿಸುತ್ತ ಬಂದರೆ, ಕೆಲವೇ ವರ್ಷದಲ್ಲಿ ಈ 34 ಕಿಲೋಮೀಟರಿನ ಮೀನಿನ ಚರಿತ್ರೆ ನಮ್ಮ ಕೈಯಲ್ಲಿರುತ್ತದೆ. ನನ್ನ ವಿದ್ಯಾರ್ಥಿಗಳೇ ಮಾಡಬಹುದು. ಹುರುಪೆಗಳನ್ನು ಕಾಗದದಲ್ಲಿ ಕಟ್ಟಿ ತಂದಿದ್ದೇನೆ.

ಬಲೆ ಹರಿಯುವ ನೀರುನಾಯಿಯ ಮೇಲೆ ಸಿಟ್ಟಿಲ್ಲವೇ ಎಂದು ತಮ್ಮ ಕೇಳಿದ. ಇದೆ ಎಂದರು ಕಾಕಾ, ಬಲೆ ಅಗ್ಗದ್ದಲ್ಲ. ಆದರೆ ನೀರುನಾಯಿ ಇರುವ ಮಡುವಿನಲ್ಲಿ ಮೀನು ಉಂಟು ಎಂದು ಲೆಕ್ಕ, ಅದು ಬಿಟ್ಟುಹೋದ ಮಡುವಿಗೆ ಅವರೂ ಬಲೆ ಹಾಕುವುದಿಲ್ಲ. ಅವರ ನಿಜವಾದ ಸಿಟ್ಟು ತೋಟಾ ಹಾಕುವವರ ಮೇಲೆ. ಒಂದು ತೋಟಾ ಸಿಡಿದರೆ ಮರಿಮೀನು, ಮೊಟ್ಟೆ, ಆಮೆ ಎಲ್ಲ ಹೋಗುತ್ತದೆ. ಯಾರು, ಎಲ್ಲಿ, ಯಾವ ಹೊತ್ತಿಗೆ ಎಂಬುದು ಹರಗೋಲಿನವರಿಗೆ ಗೊತ್ತು. ದೂರು ಕೊಟ್ಟವರ ಹೆಸರು ಹೊರಗೆ ಬೀಳುತ್ತದೆ ಎಂಬ ಹೆದರಿಕೆಯಿಂದ ಬಾಯಿ ಬಿಡುವುದಿಲ್ಲ.

ಹೊತ್ತು ಮುಳುಗುವ ಮುಂಚೆ ಐದು ನೀರುನಾಯಿಗಳು ಸಾಲಾಗಿ ಹೊಳೆ ದಾಟಿದವು. ತಲೆಗಳಷ್ಟೇ ನೀರ ಮೇಲೆ. ಕೊನೆಯದು ತಿರುಗಿ ನಮ್ಮ ಕಡೆ ಒಮ್ಮೆ ಕಿರುಗುಟ್ಟಿತು.

ನಾಲ್ಕನೆಯ ದಿನ: ದರೋಜಿ

ಕಂಪ್ಲಿ ದಾಟಿ ದರೋಜಿಗೆ. ಬುರ್ರಕಥೆಯ ಈರಮ್ಮನವರ ಊರು. ಕರಡಿಧಾಮವಾದದ್ದು 1994ರಲ್ಲಿ, ಈಗ ಅದರ ಹರವು 82 ಚದರ ಕಿಲೋಮೀಟರಿಗೂ ಹೆಚ್ಚು. ಮಧ್ಯಾಹ್ನದ ಮೇಲೆ ಕಾವಲುಗೋಪುರದ ಎದುರಿನ ಬಂಡೆಗೆ ಬೆಲ್ಲದ ಪಾಕ ಬಳಿಯುತ್ತಾರೆ, ಕರಡಿಗಳು ಇಳಿದು ಬಂದು ನೆಕ್ಕುತ್ತವೆ. ನಾವು ಮೂರು ಕಂಡೆವು. ಜನರಿಗೆ ಕರಡಿ ಕಾಣುವುದು ಒಳ್ಳೆಯದೇ. ಆದರೂ ಕಾಡಿನ ಪ್ರಾಣಿಗೆ ಬೆಲ್ಲದ ರುಚಿ ಹತ್ತಿಸುವುದು ನನಗೆ ಸರಿ ಕಾಣಲಿಲ್ಲ.

ನನಗೆ ಹೆಚ್ಚು ಕೊಟ್ಟದ್ದು ಧಾಮದ ಹೊರಗಿನ ಊರಿನಲ್ಲಿ ಸಿಕ್ಕ ಒಬ್ಬ ಅಕ್ಕ. ಬುಟ್ಟಿಯಲ್ಲಿ ಬಾರಿಹಣ್ಣು ಮಾರುತ್ತಿದ್ದರು. ಕವಳಿ, ಕಾರಿ, ತುಮರಿ, ಪರಗಿ, ಜಾನಿ, ಸೀತಾಫಲ, ಯಾವ ಹಣ್ಣು ಯಾವ ತಿಂಗಳು ಎಂದು ಬೆರಳು ಮಡಿಸಿ ಹೇಳಿದರು. ಅದೇ ಕರಡಿಯ ಪಂಚಾಂಗವೂ ಹೌದು. ಕವಳಿ ಹಣ್ಣಾದ ತಿಂಗಳು ಪೊದೆಯ ಹತ್ತಿರ ಒಬ್ಬರೇ ಹೋಗುವುದಿಲ್ಲ, ಹೋದರೆ ಜೋರಾಗಿ ಮಾತಾಡುತ್ತ ಹೋಗುತ್ತಾರೆ. ಕರಡಿಗೆ ದೃಷ್ಟಿ ಮಂದ, ಎದುರಿಗೆ ಒಮ್ಮೆಲೇ ಬಿದ್ದರೆ ಹೆದರಿ ಮೇಲೇರುತ್ತದೆ. ಇನ್ನೊಂದು ಮಾತು: "ಕರಡಿ ಹೇತ ಕಕ್ಕಿ ಬೀಜ ಲಗೂನ ಹುಟ್ತಾವ ತಂಗೀ." ಕರಡಿ ಕಕ್ಕೆಯ ಕಾಯಿ ತಿಂದು ಬೀಜ ಹರಡುವುದನ್ನು ಸಂಶೋಧಕರೂ ದಾಖಲಿಸಿದ್ದಾರೆ. ಮಳೆಗಾಲದಲ್ಲಿ ಬಂದು ಆ ಲದ್ದಿಯ ಬೀಜ, ಮರದ ಬೀಜ ಎರಡನ್ನೂ ಬಿತ್ತಿ ಹೋಲಿಸೋಣ ಎಂದು ಮಾತಾಯಿತು. ಅಕ್ಕ ಬೀಜ ಕೂಡಿಡುತ್ತಾರೆ.

ಐದನೆಯ ದಿನ: ಸಿರುಗುಪ್ಪದ ಎರೆ, ಕಾರಟಗಿಯ ರಾತ್ರಿ

ಎಳ್ಳಮಾವಾಸ್ಯೆ. ತೆಕ್ಕಲಕೋಟೆ ದಾಟಿದ ಮೇಲೆ ದಾರಿಯುದ್ದಕ್ಕೂ ಟ್ರ್ಯಾಕ್ಟರು, ಬಂಡಿ, ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತ ಹೆಂಗಸರು. ಗೆಳತಿಯ ತವರಿನವರ ಹೊಲಕ್ಕೆ ನಮಗೆ ಕರೆ ಇತ್ತು.

ಈ ಎರೆಗೆ ನಾನು ಬಂದದ್ದು ಒಂದು ಹಕ್ಕಿಗಾಗಿ. ಎರೆಭೂತ, ದೊರವಾಯನ ಹಕ್ಕಿ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ತೆಲುಗು ಬೆರೆತ ಈ ಸೀಮೆಯಲ್ಲಿ ಬಟ್ಟಮೇಕ ಎಂದರೂ ತಿಳಿಯುತ್ತದೆ. ಗಂಡು ಒಂದು ಮೀಟರ್ ಎತ್ತರ ನಿಲ್ಲುತ್ತದೆ. ದೇಶದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು, ಹೆಚ್ಚಿನವು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಅದು ಕಂಡ ಕೊನೆಯ ನೆಲ ಸಿರುಗುಪ್ಪದ ಈ ಬಯಲು. ಜೈಸಲ್ಮೇರಿನ ಸಮ್ ಎಂಬಲ್ಲಿ 2019ರಿಂದ ಮೊಟ್ಟೆಗಳನ್ನು ಕಾವುಪೆಟ್ಟಿಗೆಯಲ್ಲಿಟ್ಟು ಮರಿ ಮಾಡುತ್ತಿದ್ದಾರೆ. ಅಲ್ಲಿ ಮರಿಗಳಾಗಿವೆ. ಬಿಡಲು ನೆಲ ಬೇಕಲ್ಲ.

ಹೊಲದ ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪೂಜೆ ಮಾಡಿದರು. ಆಮೇಲೆ ಸಜ್ಜಿ ರೊಟ್ಟಿ, ಕಡಬು, ಎಣ್ಣಿಗಾಯಿ, ಪುಂಡಿಪಲ್ಯ ಎಲ್ಲವನ್ನೂ ಕಲಸಿ ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದರು. ಮನುಷ್ಯರು ಉಣ್ಣುವುದು ಅದಾದ ಮೇಲೆ. ಹುಳ, ಇರುವೆ, ಹಕ್ಕಿಯ ಪಾಲು ಮೊದಲು.

ಊಟದ ಹೊತ್ತಿಗೆ ಗೆಳತಿಯ ಅಜ್ಜಿ ಎರೆಭೂತದ ಮಾತೆತ್ತಿದರು. "ನಮ್ಮವ್ರು ಮುಂಗಾರಿ ನವಣಿ ಹೊಲದಾಗ ಎಡಿ ಹೊಡಿಯೋ ಮುಂದ ಕಂಡಿದ್ರು. ಗೂಡಿಲ್ಲ ಏನಿಲ್ಲ, ನೆಲದ ಮ್ಯಾಲ ಒಂದ ಮೊಟ್ಟಿ. ಎತ್ತು ತಾವ ನಿಂತ್ವು. ಸುತ್ತ ಒಂದು ಕಣದಷ್ಟು ಬಿಟ್ಟು ಎಡಿ ಹೊಡದ್ರು. ಆ ವರ್ಷ ಅಷ್ಟು ಜಾಗದಾಗ ಕಳೆ ತಗೀಲಿಲ್ಲ." ಎರೆಭೂತ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುವುದು. ಎತ್ತಿನ ಹಿಂದೆ ನಡೆಯುವವನಿಗೆ ಅದು ಕಾಣುತ್ತಿತ್ತು. ಟ್ರ್ಯಾಕ್ಟರಿನ ಮೇಲೆ ಕೂತವನಿಗೆ ಕಾಣುವುದಿಲ್ಲ. ನವಣೆ, ಜೋಳ, ಕಡಲೆ, ಕುಸುಬೆ, ಕೊತ್ತಂಬರಿ ಇದ್ದಲ್ಲಿ ಈಗ ಮೆಣಸಿನಕಾಯಿ, ಹತ್ತಿ, ನೀರು ಬಂದಲ್ಲಿ ಭತ್ತ. ಔಷಧಿ ಹೊಡೆದ ಹೊಲದಲ್ಲಿ ಮಿಡತೆ ಇಲ್ಲ. ರೈತರನ್ನು ಬೈಯುವುದು ನನ್ನಿಂದಾಗದು, ನವಣೆಗೆ ಬೆಲೆ ಎಲ್ಲಿದೆ? ಮೊಟ್ಟೆ ಕಂಡಲ್ಲಿ ಕಣದಷ್ಟು ಜಾಗ ಬಿಟ್ಟವರಿಗೆ, ಒಣಬೇಸಾಯ ಉಳಿಸಿಕೊಂಡವರಿಗೆ ದುಡ್ಡು ಕೊಡುವ ಯೋಜನೆ ಬರಬೇಕು, ಮತ್ತು ಅದನ್ನು ಈ ಅಜ್ಜಿಯ ಮುಂದೆ ಕೂತು ಬರೆಯಬೇಕು. ಸಂಜೆಯವರೆಗೆ ದುರ್ಬೀನು ಹಿಡಿದು ನಿಂತೆ. ಕೊಕ್ಕರೆ, ಗೀಜಗ, ದೂರದಲ್ಲಿ ಒಂದು ಸೆಳೆವ. ಎರೆಭೂತ ಬರಲಿಲ್ಲ.

ಮರಳುವ ದಾರಿಯಲ್ಲಿ ಫೋನು ಹಚ್ಚಿ ಕೇಳಿದರೆ ಅಜ್ಜನ ಹಿಂಡು ಕಾರಟಗಿ ಹತ್ತಿರ ಭತ್ತ ಕೊಯ್ದ ಗದ್ದೆಗೆ ಇಳಿದಿತ್ತು. ದಢೇಸುಗೂರಿನ ಸೇತುವೆ ದಾಟಿ, ರಾಯಚೂರು ಜಿಲ್ಲೆಯ ಅಂಚನ್ನು ಮುಟ್ಟಿ, ಅಲ್ಲಿಗೆ ಹೋಗುವಷ್ಟರಲ್ಲಿ ರಾತ್ರಿ ಎಂಟು. ಚಂದ್ರನಿಲ್ಲದ ಕತ್ತಲೆ. ಬಲೆಯ ಹತ್ತಿರ ಬೆಂಕಿ ಹಾಕಿಕೊಂಡು ಎಲ್ಲರೂ ಕೂತಿದ್ದರು. ಬ್ಯಾಟರಿ ಹಿಡಿದು ಒಂದೊಂದೇ ಪುಟ ಓದತೊಡಗಿದೆ.

ಎರಡನೆಯ ಪುಟಕ್ಕೇ ಅಜ್ಜ ಕೈಯೆತ್ತಿದರು. ತೋಳ ಕುರಿಯನ್ನು ಎಲುಬು ಸಹಿತ ಮುಗಿಸುತ್ತದೆ ಎಂದು ಬರೆದಿದ್ದೆ.

"ನಾ ಹಂಗ ಹೇಳಿಲ್ಲವಾ. ದಪ್ಪ ಎಲುಬು ಕಡಕಡ ಕಡಿಯೋದು ಕಿರುಬ. ತೋಳ ಮಾಂಸ ತಿಂದು ಹೋಗ್ತೈತಿ, ಉಳದದ್ದಕ್ಕ ಕಿರುಬ ಬರ್ತೈತಿ. ತಪ್ಪು ಬರದ್ರ ಕಿರುಬನ ಪಾಪ ತೋಳದ ತಲಿಗೆ ಬರ್ತೈತಿ."

ತಿದ್ದಿದೆ. ಹಂಚಿ ಹುಲ್ಲಿನ ಮಳೆಯನ್ನೂ ತಪ್ಪು ಬರೆದಿದ್ದೆ, ಅದನ್ನೂ ತಿದ್ದಿದೆ. ಬಿಲದ ದಿಕ್ಕು, ಹತ್ತಿರದ ಹಳ್ಳದ ಹೆಸರು ಓದಿದಾಗ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ತಗದುಬಿಡು" ಎಂದರು. ಗುಟ್ಟಾಗಿಡಬೇಕಾದ್ದನ್ನು ದಾಖಲಾತಿಯಲ್ಲಿ ಗುಟ್ಟಾಗಿಡಲು ಅವಕಾಶವಿದೆ ಎಂದೆ. ನಂಬಲಿಲ್ಲ. ನನ್ನ ಪೆನ್ನು ಇಸಿದುಕೊಂಡು ಆ ಎರಡು ಸಾಲಿನ ಮೇಲೆ ಕಾಗದ ಹರಿಯುವಂತೆ ಗೀಚಿದರು. ಸರಿ ಅನಿಸಿತು.

'ತಿಳಿದವರ ಹೆಸರು' ಅಂಕಣದಲ್ಲಿ ಅವರ ಹೆಸರು ಬರೆದು ಸಹಿಗೆ ಪುಸ್ತಕ ಮುಂದೆ ಹಿಡಿದೆ. ಪಂಚಾಯ್ತಿಯ ಸಮಿತಿಯಲ್ಲಿ ಊರವರಿಗೂ ಜಾಗ ಇರುತ್ತದೆ, ಮೂರನೇ ಒಂದು ಪಾಲು ಹೆಂಗಸರಿರಬೇಕೆಂದು 2004ರ ನಿಯಮವೇ ಹೇಳಿತ್ತು, ನೀವು ಊರಿಗೆ ಬಂದಾಗ ಸಭೆಗೆ ಬನ್ನಿ ಎಂದೂ ಹೇಳಿದೆ. ಅಜ್ಜ ಪೆನ್ನು ಹಿಡಿದವರು ಸಹಿ ಹಾಕಲಿಲ್ಲ. ಬೆಂಕಿಯಾಚೆ ಮರಿಯೊಂದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೂತಿದ್ದ ಅಜ್ಜಿಯ ಕಡೆ ನೋಡಿದರು.

"ಮರಿ ಔಷಧ ಅಂತ ಒಂದು ಪುಟ ಖಾಲಿ ಬಿಟ್ಟೀಯಲ್ಲ, ಅದು ಆಕೀಗೆ ಗೊತ್ತು. ನನಗ ಗೊತ್ತಿಲ್ಲ. ಆಕೀನ ಕೇಳು, ಬರಿ, ಓದು. ಆಮ್ಯಾಲೆ ಇಬ್ರೂ ಹಾಕ್ತೀವಿ."

ಪುಸ್ತಕ ಎತ್ತಿಕೊಂಡು ಬೆಂಕಿ ಬಳಸಿ ಆಚೆಗೆ ಹೋಗಿ ಕೂತೆ. ಅಜ್ಜಿ ಮರಿಯನ್ನು ಇನ್ನೊಂದು ತೊಡೆಗೆ ಸರಿಸಿಕೊಂಡು, ನನಗೆ ಕಂಬಳಿಯ ಅಂಚು ಬಿಟ್ಟುಕೊಟ್ಟರು.